ಹಂಪಿ ರಥದ ಕಿಟ್‌ಗೆ ‘ಲೆಗೋ’ ಅಂತ ಹೆಸರಿಡಬಾರದಂತೆ. ಹಾಗಾದ್ರೆ ಏನಂತ ಮಾರಲಿ?

ರಥದ_ಗಾಲಿ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್, ಹುಚ್ಚು ಲೆಗೋದ್ದು, ಅಂದರೆ ಡೆನ್ಮಾರ್ಕ್ ಕಂಪನಿಯ ಜೋಡಿಸೋ ಪ್ಲಾಸ್ಟಿಕ್ ಇಟ್ಟಿಗೆದ್ದು. ಮಗನ ಹೆಸರು ಹೇಳಿ ಮೊದಲ ಡಬ್ಬಿ ತಂದೆ. ಈಗ ಅವನು ಕ್ರಿಕೆಟ್ ಆಡೋಕೆ ಹೋಗ್ತಾನೆ, ನಾನು ನೆಲದ ಮೇಲೆ ಕೂತು ಇಟ್ಟಿಗೆ ಜೋಡಿಸ್ತೀನಿ.

ಹೋದ ಬೇಸಿಗೆಯಲ್ಲಿ ಹಂಪಿಯ ಕಲ್ಲಿನ ರಥ ಕಟ್ಟಿದೆ. ಪೂರ್ತಿ ಸ್ವಂತ ವಿನ್ಯಾಸ. ಮರಳು ಬಣ್ಣದ ಇಟ್ಟಿಗೆ, ತಿರುಗುವ ಗಾಲಿ, ಮುಂದೆ ಎರಡು ಆನೆ. ಆನೆಯ ಕಿವಿಗೆ ಮಿನಿ ಗೊಂಬೆಗಳ ಗುರಾಣಿ ಸಿಕ್ಕಿಸಿದ್ದೇನೆ. ಹತ್ತಿರದಿಂದ ನೋಡಿದರೂ ಕಿವಿಯೇ ಅನಿಸುತ್ತೆ. ನೋಡಿದವರೆಲ್ಲ ನಮಗೂ ಒಂದು ಮಾಡಿಕೊಡು ಅಂದರು. ಸರಿ ಅಂತ ಬಿಡಿ ಇಟ್ಟಿಗೆ ಕೊಂಡು, ಜೋಡಿಸುವ ಪುಸ್ತಕ ಮಾಡಿ, ಒಂದು ಆನ್‌ಲೈನ್ ಮಾರಾಟ ತಾಣದಲ್ಲಿ ‘ಲೆಗೋ ಹಂಪಿ ರಥ’ ಅಂತ ಹಾಕಿದೆ. ಕೆಲವು ಹೋದವು ಕೂಡ. ಆಮೇಲೆ ಒಂದು ದಿನ ಬೆಳಗ್ಗೆ ನೋಡಿದರೆ ಪುಟವೇ ಇಲ್ಲ. ‘ಟ್ರೇಡ್‌ಮಾರ್ಕ್ ದುರ್ಬಳಕೆ’ ಅಂತ ಒಂದು ಸಾಲಿನ ಮೇಲ್. ಯಾರು ದೂರು ಕೊಟ್ಟರು, ಏನು ತಪ್ಪು, ಒಂದೂ ಹೇಳಲ್ಲ. ಫೋನ್ ಮಾಡಿದರೆ ಮೆಷಿನ್ ಮಾತಾಡುತ್ತೆ.

ಒಳಗಿರೋದು ಅಸಲಿ ಇಟ್ಟಿಗೆ ರೀ. ದುಡ್ಡು ಕೊಟ್ಟು ತಗೊಂಡಿದ್ದು. ಇಟ್ಟಿಗೆ ತಲೆ ಮೇಲಿನ ಪ್ರತಿ ಗುಬ್ಬಿ, ಅಂದರೆ ದುಂಡನೆ ಉಬ್ಬಿನ ಮೇಲೂ ಅವರದೇ ಹೆಸರು ಅಚ್ಚಾಗಿದೆ. ಆ ಹೆಸರನ್ನ ನಾನು ಡಬ್ಬಿ ಮೇಲೆ ಬರೆದರೆ ತಪ್ಪಾ? ಇಷ್ಟು ಪ್ರೀತಿಸೋರನ್ನ ಹೀಗೆ ನಡೆಸಿಕೊಂಡರೆ ಹೇಗೆ?

ರಾಯಚೂರ_ಬಿಸಿಲು

‘ಇಟ್ಟಿಗೆ ರಥ’ ಅಂತ ಇಡು ಅಣ್ಣ. ಮುಗೀತು.

ಸೋನಾಮಸೂರಿ (ಗಂಗಾವತಿ)

ಆ ಬ್ರ್ಯಾಂಡ್‌ನ ಪ್ರೀತಿಸೋದೇ ತಪ್ಪು. ಸುಮ್ನೆ ಲೆಕ್ಕ ಹಾಕಿ. ಸಾಧಾರಣ ಸೈಜಿನ ಒಂದು ಡಬ್ಬಿ ದುಡ್ಡಿಗೆ ನಮ್ಮೂರಲ್ಲಿ ಎರಡು ಮೂರು ಚೀಲ ಅಕ್ಕಿ ಬರುತ್ತೆ. ಅದೂ ಪ್ಲಾಸ್ಟಿಕ್ಕಿಗೆ. ನನ್ನ ಮಗಳಿಗೆ ಚೀನಾ ಇಟ್ಟಿಗೆ ತಂದುಕೊಟ್ಟೆ, ಕಾಲು ಭಾಗ ರೇಟು. ಅವಳಿಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಟೂಲ್‌ರೂಮ್_ತೋರಣಗಲ್ಲು

@ಸೋನಾಮಸೂರಿ ಮಗಳಿಗೆ ಗೊತ್ತಾಗಲಿಲ್ಲ, ಬೆರಳಿಗೆ ಗೊತ್ತಾಗುತ್ತೆ. ನಾನು ಅಚ್ಚು ಮಾಡುವ ಕೆಲಸದವನು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡಿ.

ಇಟ್ಟಿಗೆ ಮೇಲಿನ ಗುಬ್ಬಿಯ ಅಡ್ಡಳತೆ 4.8 ಮಿಲಿಮೀಟರ್. ಒಂದು ಗುಬ್ಬಿಯ ನಡುವಿಂದ ಇನ್ನೊಂದರ ನಡುವಿಗೆ 8 ಮಿಲಿಮೀಟರ್. ಎತ್ತರ 9.6. ಮೂರು ತೆಳು ತಟ್ಟೆ ಒಂದರ ಮೇಲೊಂದು ಇಟ್ಟರೆ ಸರಿಯಾಗಿ ಒಂದು ಇಟ್ಟಿಗೆ ಎತ್ತರ. ಅಚ್ಚಿನಲ್ಲಿ ಅವರು ಬಿಡುವ ವ್ಯತ್ಯಾಸ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಸ್ವಲ್ಪ ದಪ್ಪವಾದರೆ ಮಗು ಹಲ್ಲಲ್ಲಿ ಕಚ್ಚಿ ಬಿಡಿಸಬೇಕು. ಸ್ವಲ್ಪ ಸಣ್ಣವಾದರೆ ಗೋಡೆ ಎತ್ತಿದ ಕೂಡಲೇ ಉದುರುತ್ತೆ. 1958ರಲ್ಲಿ ಮಾಡಿದ ಇಟ್ಟಿಗೆ ಇವತ್ತಿನದರ ಜೊತೆ ಕೂರುತ್ತೆ. ನಮ್ಮ ಕಡೆ ಹೋದ ವರ್ಷದ ಬಾಟಲಿ ಮುಚ್ಚಳ ಈ ವರ್ಷದ ಬಾಟಲಿಗೆ ಕೂರಲ್ಲ!

ಪ್ಲಾಸ್ಟಿಕ್ ಕೂಡ ಯಾವುದೋ ಅಲ್ಲ. 1963ರಿಂದ ಎಬಿಎಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಹಾಕ್ತಾರೆ. ಅದಕ್ಕೆ ಮುಂಚೆ ಇದ್ದ ಸೆಲ್ಯುಲೋಸ್ ಅಸಿಟೇಟ್ ಕಾಲ ಕಳೆದಂತೆ ಸೊಟ್ಟಗಾಗುತ್ತಿತ್ತು. ರೇಟು ಜಾಸ್ತಿ ಅನ್ನೋದು ಒಪ್ಪುತ್ತೇನೆ. ‘ಅದೂ ಪ್ಲಾಸ್ಟಿಕ್ಕಿಗೆ’ ಅನ್ನೋದು ಒಪ್ಪಲ್ಲ.

ಸೋನಾಮಸೂರಿ (ಗಂಗಾವತಿ)

ಹಾಗಾದ್ರೆ ಎಬಿಎಸ್ಸು ಅಕ್ಕಿಗಿಂತ ದುಬಾರಿನಾ ಸರ್? ಅಚ್ಚಿನ ಖರ್ಚು ಯಾವತ್ತೋ ವಸೂಲಾಗಿರುತ್ತೆ. ಈಗ ತಗೋತಿರೋದೆಲ್ಲ ಹೆಸರಿನ ದುಡ್ಡು.

ಕೌಲ್‌ಬಜಾರ್_ಟಾಯ್ಸ್ (ಬಳ್ಳಾರಿ)

ಅಂಗಡಿಯವನ ಮಾತನ್ನೂ ಸ್ವಲ್ಪ ಕೇಳಿ. ಎಲ್ಲಾ ದುಡ್ಡು ಕಂಪನಿಗೇ ಹೋಗಲ್ಲ. ಆಟಿಕೆ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇಕಡಾ 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯ್ತು. ನೂರು ರೂಪಾಯಿ ಮಾಲು ಬಂದರಿಗೆ ಬಂದರೆ ಅಲ್ಲೇ ನೂರ ಎಪ್ಪತ್ತು. ಅದರ ಮೇಲೆ ಜಿಎಸ್‌ಟಿ, ಸಾಗಣೆ, ಡಿಸ್ಟ್ರಿಬ್ಯೂಟರು, ಆಮೇಲೆ ನಾನು. ಲೆಗೋ ಕಾರ್ಖಾನೆಗಳು ಡೆನ್ಮಾರ್ಕ್, ಹಂಗೇರಿ, ಚೆಕ್, ಮೆಕ್ಸಿಕೊ, ಚೀನಾ, ಈಗ ವಿಯೆಟ್ನಾಂನಲ್ಲಿ ಇವೆ. ನಮ್ಮಲ್ಲಿ ಇಲ್ಲ. ಸುಂಕ ಕಟ್ಟಲೇಬೇಕು.

ಇನ್ನೊಂದು ವಿಷಯ. 2021ರ ಜನವರಿಯಿಂದ ಐಎಸ್‌ಐ ಗುರುತಿಲ್ಲದ ಆಟಿಕೆ ಮಾರೋ ಹಾಗಿಲ್ಲ. ಮೊದಲು ಬಲೆ ಚೀಲದಲ್ಲಿ ತೂಗಿ ಕೊಡ್ತಿದ್ವಲ್ಲ, ಜಾತ್ರೆಯಲ್ಲಿ ಸಿಗೋ ಬಣ್ಣದ ಇಟ್ಟಿಗೆ, ಅದನ್ನ ನಾನಂತೂ ನಿಲ್ಲಿಸಿಬಿಟ್ಟೆ. @ಸೋನಾಮಸೂರಿ ನಿಮ್ಮ ಮಗಳ ಡಬ್ಬಿ ಮೇಲೆ ಐಎಸ್‌ಐ ಇದೆಯಾ, ಒಂದ್ಸಲ ತಿರುಗಿಸಿ ನೋಡಿ.

ಅಸಲಿ ಮಾಲು ಇಡೋಣ ಅಂದರೆ ನಮ್ಮ ಡಿಸ್ಟ್ರಿಬ್ಯೂಟರ್ ಬಳ್ಳಾರಿಗೆ ಚಿಕ್ಕ ಡಬ್ಬಿ ಬಿಟ್ಟು ಬೇರೆ ಕಳಿಸಲ್ಲ. ‘ನಿಮ್ಮೂರಲ್ಲಿ ಯಾರು ತಗೋತಾರೆ’ ಅಂತಾನೆ. ತಗೊಳ್ಳೋರು ನನ್ನ ಅಂಗಡಿಗೆ ಬಂದು, ಮುಟ್ಟಿ ನೋಡಿ, ಫೋಟೋ ಹೊಡೆದುಕೊಂಡು, ಮನೆಗೆ ಹೋಗಿ ಆನ್‌ಲೈನ್‌ನಲ್ಲಿ ಆರ್ಡರ್ ಮಾಡ್ತಾರೆ. ಯಾರಂತ ಹೆಸರು ಹೇಳಲ್ಲ 😄

ರಥದ_ಗಾಲಿ (ಬಳ್ಳಾರಿ)

ಅಣ್ಣಾ, ನಾನು ನಿಮ್ಮಲ್ಲೇ ತಗೊಂಡಿದ್ದೀನಿ! ಟ್ರ್ಯಾಕ್ಟರ್ ಸೆಟ್, ನೆನಪಿದೆಯಾ?

ಕೌಲ್‌ಬಜಾರ್_ಟಾಯ್ಸ್ (ಬಳ್ಳಾರಿ)

ನೆನಪಿದೆ. ಅದೂ ಚೌಕಾಸಿ ಮಾಡಿ.

ವಕೀಲ್_ಸಿಂಧನೂರು

ರಥದ ಗಾಲಿಯವರೇ, ನಿಮ್ಮ ಪ್ರಶ್ನೆಗೆ ಬರ್ತೀನಿ. ಎಲ್ಲರೂ ಮೂರು ಬೇರೆ ಬೇರೆ ವಿಷಯಗಳನ್ನ ಕಲಸಿಬಿಟ್ಟಿದ್ದೀರಿ: ಇಟ್ಟಿಗೆಯ ಜೋಡಣೆ, ಅದರ ಆಕಾರ, ಕಂಪನಿಯ ಹೆಸರು.

ಇಟ್ಟಿಗೆಯ ಜೋಡಣೆಗೆ ಇದ್ದದ್ದು ಪೇಟೆಂಟ್. 1958ರ ಜನವರಿ 28ರಂದು ಡೆನ್ಮಾರ್ಕಿನಲ್ಲಿ ಅರ್ಜಿ ಹಾಕಿದ್ದು. ಅದು ಎಂದೋ ಮುಗಿದಿದೆ. ಪೇಟೆಂಟ್ ಅಂದರೆ ಒಂದಿಷ್ಟು ವರ್ಷ ನಿಮ್ಮದು, ಆಮೇಲೆ ಊರಿನದು. ನಮ್ಮಲ್ಲಿ ಈಗ 20 ವರ್ಷ. ಹಾಗಾಗಿ ಇವತ್ತು ಲೆಗೋ ಜೊತೆ ಕೂರುವ ಇಟ್ಟಿಗೆಯನ್ನ ಯಾರು ಬೇಕಾದರೂ ಮಾಡಬಹುದು, ನೀವೂ ಮಾಡಬಹುದು.

ಕಂಪನಿ ಸುಮ್ಮನೆ ಕೂರಲಿಲ್ಲ. ಪೇಟೆಂಟ್ ಹೋದರೇನು, ಇಟ್ಟಿಗೆಯ ಆಕಾರವೇ ನಮ್ಮ ಟ್ರೇಡ್‌ಮಾರ್ಕ್ ಅಂತ ಕೋರ್ಟಿಗೆ ಹೋಯ್ತು. ಟ್ರೇಡ್‌ಮಾರ್ಕನ್ನ ನವೀಕರಿಸುತ್ತಾ ಹೋದರೆ ಕೊನೆಯೇ ಇಲ್ಲ ನೋಡಿ, ಅದಕ್ಕೆ. ಕೆನಡಾದ ಸುಪ್ರೀಂ ಕೋರ್ಟ್ 2005ರಲ್ಲಿ ಆಗಲ್ಲ ಅಂತು. ಅಲ್ಲಿ ಎದುರಾಳಿ ಮೆಗಾ ಬ್ಲಾಕ್ಸ್ ಮಾಡುವವರು. ಐರೋಪ್ಯ ನ್ಯಾಯಾಲಯ 2010ರ ಸೆಪ್ಟೆಂಬರ್‌ನಲ್ಲಿ ಅದನ್ನೇ ಹೇಳಿತು. ಗುಬ್ಬಿ ಇರೋದು ಚಂದಕ್ಕಲ್ಲ, ಹಿಡಿದುಕೊಳ್ಳೋಕೆ. ಕೆಲಸಕ್ಕಾಗಿ ಬಂದ ಆಕಾರವನ್ನ ಟ್ರೇಡ್‌ಮಾರ್ಕ್ ಮಾಡಿ ಶಾಶ್ವತವಾಗಿ ಇಟ್ಟುಕೊಳ್ಳೋ ಹಾಗಿಲ್ಲ. ನಮ್ಮ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 9(3) ಹೇಳೋದೂ ಇದೇ.

ಆದರೆ ಹಳದಿ ಮುಖದ ಮಿನಿ ಗೊಂಬೆ ಇದೆಯಲ್ಲ, ಅದರ ಆಕಾರದ ವಿಷಯದಲ್ಲಿ 2015ರಲ್ಲಿ ಯುರೋಪಿನಲ್ಲಿ ಕಂಪನಿಯೇ ಗೆದ್ದಿತು. ಹೆಸರು ಮತ್ತು ಲೋಗೋ ಅಂತೂ ಅವರದೇ, ಪ್ರಶ್ನೆಯೇ ಇಲ್ಲ.

ಈಗ ನಿಮ್ಮ ಡಬ್ಬಿ. ‘ಲೆಗೋ ಹಂಪಿ ರಥ’ ಅಂದಾಗ ಓದುವವರಿಗೆ ಏನನಿಸುತ್ತೆ? ಕಂಪನಿಯೇ ಹಂಪಿ ರಥ ಬಿಟ್ಟಿದೆ ಅನಿಸುತ್ತೆ. ತಕರಾರು ಇರೋದು ಅಲ್ಲಿ. ಒಳಗಿರೋದು ಅಸಲಿ ಇಟ್ಟಿಗೆ ಅನ್ನೋದರಿಂದ ಇದು ಬದಲಾಗಲ್ಲ.

ರಥದ_ಗಾಲಿ (ಬಳ್ಳಾರಿ)

ವಕೀಲ್ ಸಾಹೇಬ್ರೇ, ಗೋಧಿ ಹಿಟ್ಟು ತಂದು ಚಪಾತಿ ಮಾಡಿ ಮಾರೋ ಹೋಟೆಲಿನವನು ಹಿಟ್ಟಿನ ಕಂಪನಿ ಹೆಸರು ಹಾಕಿದರೆ ಯಾರೂ ಕೇಳಲ್ಲ. ನನ್ನನ್ನ ಯಾಕೆ ಕೇಳಬೇಕು?

ವಕೀಲ್_ಸಿಂಧನೂರು

‘ಇಂಥ ಹಿಟ್ಟಿನಿಂದ ಮಾಡಿದ್ದು’ ಅಂತ ಒಳಗೆ ಬರೆದರೆ ಯಾರೂ ಕೇಳಲ್ಲ. ಹೋಟೆಲಿಗೇ ಆ ಹೆಸರಿಟ್ಟರೆ ಕೇಳ್ತಾರೆ. ಕಲಂ 30 ನೋಡಿ. ಇನ್ನೊಬ್ಬರ ಹೆಸರನ್ನ ಪ್ರಾಮಾಣಿಕವಾಗಿ, ವಸ್ತು ಏನು ಅಂತ ತಿಳಿಸೋಕೆ ಬೇಕಾದಷ್ಟು ಮಾತ್ರ ಬಳಸಬಹುದು. ಶೀರ್ಷಿಕೆ: ‘ಹಂಪಿ ಕಲ್ಲಿನ ರಥ, ಜೋಡಿಸುವ ಕಿಟ್’. ಕೆಳಗೆ ವಿವರಣೆಯಲ್ಲಿ: ‘ಲೆಗೋ ಇಟ್ಟಿಗೆಗಳಿಂದ ಮಾಡಿದ್ದು. ಲೆಗೋ ಎಂಬುದು ಲೆಗೋ ಗ್ರೂಪಿನ ಟ್ರೇಡ್‌ಮಾರ್ಕ್, ಅವರಿಗೂ ಈ ಕಿಟ್‌ಗೂ ಸಂಬಂಧವಿಲ್ಲ’. ಕೆಂಪು ಚೌಕದ ಲೋಗೋ ಎಲ್ಲೂ ಹಾಕಬೇಡಿ. ಅವರ ಹೆಸರಿನಲ್ಲಿ ವೆಬ್‌ಸೈಟ್ ವಿಳಾಸ ತಗೋಬೇಡಿ. ಇದು ನನ್ನ ಮಾತಲ್ಲ, ಅಭಿಮಾನಿಗಳಿಗೆ ಅಂತ ಕಂಪನಿಯೇ ‘ಫೇರ್ ಪ್ಲೇ’ ಅನ್ನೋ ಹೆಸರಲ್ಲಿ ನಿಯಮ ಹಾಕಿದೆ.

ಜೋಡಿಸುವ ಪುಸ್ತಕದ ಚಿತ್ರ, ಬರಹ ನಿಮ್ಮದೇ ಕೃತಿ. ಅದನ್ನ ಬೇರೆಯವರು ಎತ್ತಿ ಹಾಕಿದರೆ ನೀವು ದೂರು ಕೊಡಬಹುದು.

ರಾಯಚೂರ_ಬಿಸಿಲು

ಫೀಸು ಎಷ್ಟಾಯ್ತು ಸಾಹೇಬ್ರೇ?

ವಕೀಲ್_ಸಿಂಧನೂರು

ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ. ತೀನ್ ಕಂದೀಲ್ ಹತ್ತಿರ ಸಿಕ್ಕರೆ ವಸೂಲಿ ಮಾಡ್ತೀನಿ.

ಪಿಯು_ಮೇಷ್ಟ್ರು (ರಾಯಚೂರು)

ಟ್ರೇಡ್‌ಮಾರ್ಕ್ ಕಾಯುವ ಈ ಕಂಪನಿ ಬೇರೆಯವರ ಇಟ್ಟಿಗೆ ನೋಡಿಕೊಂಡೇ ಶುರು ಮಾಡಿದ್ದು ಅನ್ನೋದನ್ನ ಯಾರೂ ಹೇಳಲಿಲ್ಲವಲ್ಲ.

ಹಿಲರಿ ಫಿಶರ್ ಪೇಜ್ ಅಂತ ಒಬ್ಬ ಇಂಗ್ಲಿಷಿನವ ಇದ್ದ. ಅವನ ಕಂಪನಿ ಕಿಡಿಕ್ರಾಫ್ಟ್. 1940ರ ದಶಕದಲ್ಲೇ ಗುಬ್ಬಿ ಇರುವ ಪ್ಲಾಸ್ಟಿಕ್ ಇಟ್ಟಿಗೆ ಮಾಡಿ ಮಾರುತ್ತಿದ್ದ. ಲೆಗೋ ಕಂಪನಿ ಕಟ್ಟಿದವನು, ಡೆನ್ಮಾರ್ಕಿನ ಬಿಲುಂಡ್ ಅನ್ನೋ ಹಳ್ಳಿಯ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್, 1932ರಲ್ಲಿ ಮರದ ಆಟಿಕೆ ಮಾಡೋಕೆ ಶುರು ಮಾಡಿದ್ದ. ಆಮೇಲೆ ಪ್ಲಾಸ್ಟಿಕ್ ಅಚ್ಚಿನ ಮೆಷಿನ್ ತಗೊಂಡ. ಕಿಡಿಕ್ರಾಫ್ಟಿನ ಮಾದರಿ ಕೈಗೆ ಸಿಕ್ಕಿತು. 1949ರಲ್ಲಿ ಇವರ ಇಟ್ಟಿಗೆ ಬಂತು, ನೋಡೋಕೆ ಹೆಚ್ಚುಕಡಿಮೆ ಅದೇ. ಕಿಡಿಕ್ರಾಫ್ಟಿನ ಹಕ್ಕುಗಳನ್ನ ಲೆಗೋ ಕೊಂಡದ್ದು 1981ರಲ್ಲಿ, ಪೇಜ್ ತೀರಿಕೊಂಡು ಎಷ್ಟೋ ವರ್ಷದ ಮೇಲೆ.

ಸೋನಾಮಸೂರಿ (ಗಂಗಾವತಿ)

ನೋಡಿದ್ರಾ! ತಾನು ಕದ್ದ ಮೇಲೆ ಬಾಗಿಲಿಗೆ ಬೀಗ.

ಟೂಲ್‌ರೂಮ್_ತೋರಣಗಲ್ಲು

ಮೇಷ್ಟ್ರೇ, ಅರ್ಧ ಕಥೆ ಹೇಳಿ ನಿಲ್ಲಿಸಬೇಡಿ. 1949ರ ಇಟ್ಟಿಗೆ ಒಳಗೆ ಟೊಳ್ಳು. ಒಂದರ ಮೇಲೊಂದು ಕೂರುತ್ತಿತ್ತು, ಆದರೆ ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು. 1958ರಲ್ಲಿ ಮಗ ಗಾಡ್‌ಫ್ರೆಡ್ ಒಳಗೆ ಕೊಳವೆ ಇಟ್ಟ. ಒಂದು ಇಟ್ಟಿಗೆ ತಿರುಗಿಸಿ ನೋಡಿ: ಎಂಟು ಗುಬ್ಬಿಯದಕ್ಕೆ ಒಳಗೆ ಮೂರು ಕೊಳವೆ. ಕೆಳಗಿನ ಗುಬ್ಬಿ ಕೊಳವೆಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತೆ. ಆ ಹಿಡಿತ ಬಂದದ್ದು ಕೊಳವೆಯಿಂದ, ಪೇಟೆಂಟ್ ಇದ್ದದ್ದೂ ಅದಕ್ಕೆ. ಎಂಟು ಗುಬ್ಬಿಯ ಆರು ಇಟ್ಟಿಗೆಗಳನ್ನ 91,51,03,765 ರೀತಿ ಜೋಡಿಸಬಹುದು ಅಂತ ಲೆಕ್ಕ ಹಾಕಿದ್ದಾರೆ. ಕದ್ದ ಮಾಲಿನಿಂದ ಇಷ್ಟು ಆಗಲ್ಲ.

ಪಿಯು_ಮೇಷ್ಟ್ರು (ರಾಯಚೂರು)

ಕೊಳವೆ ಅವರದು, ಒಪ್ಪಿದೆ. ಗುಬ್ಬಿ? ಕೋರ್ಟಿಗೆ ಹೋಗಿ ನಮ್ಮದು ಅಂದದ್ದು ಗುಬ್ಬಿಗೆ.

ಟೂಲ್‌ರೂಮ್_ತೋರಣಗಲ್ಲು

ಸೋತರಲ್ಲ. ಇನ್ನೇನು ಬೇಕು?

ಎರಡು_ಮಕ್ಕಳ_ತಾಯಿ (ಕೊಪ್ಪಳ)

ಗಂಡಸರು ಗುಬ್ಬಿ ಕೊಳವೆ ಅಂತ ಜಗಳ ಆಡ್ತಾ ಇರಿ. ನನ್ನ ಪ್ರಶ್ನೆ ಬೇರೆ. ಹುಟ್ಟುಹಬ್ಬಕ್ಕೆ ಮಗ ಕೇಳಿದ ಅಂತ ಮಿನಿ ಗೊಂಬೆ ಬರೋ ಸೆಟ್ ತರಿಸಿದೆ. ಒಂದೇ ಸಂಜೆಯಲ್ಲಿ ಕಟ್ಟಿ ಮುಗಿಸಿ ಶೋಕೇಸಿನಲ್ಲಿಟ್ಟ. ಈಗ ತಂಗಿ ಮುಟ್ಟೋ ಹಾಗಿಲ್ಲ, ಬಿಚ್ಚೋ ಹಾಗಿಲ್ಲ. ಮೊದಲಿನ ಬಿಡಿ ಇಟ್ಟಿಗೆ ಡಬ್ಬಿ ಇದ್ದಾಗ ದಿನಾ ಆಡ್ತಿದ್ದರು. ಈ ಸಿನಿಮಾ, ಕಾರು, ಸೂಪರ್‌ಹೀರೋ ಸೆಟ್‌ಗಳು ಬಂದ ಮೇಲೆ ಅದು ಆಟವಾ, ಶೋಪೀಸಾ?

ಸೋನಾಮಸೂರಿ (ಗಂಗಾವತಿ)

ಅಕ್ಕ ಸರಿಯಾಗಿ ಹೇಳಿದರು. ಸಿನಿಮಾದವರಿಗೆ ಲೈಸೆನ್ಸ್ ದುಡ್ಡು, ಅದನ್ನೂ ನಾವೇ ಕೊಡಬೇಕು.

ಇಂಟರ್‌ನೆಟ್_ಸೋಮಾರಿ (ರಾಯಚೂರು)

1999ರಲ್ಲಿ ಸ್ಟಾರ್ ವಾರ್ಸ್ ಸೆಟ್‌ಗಳಿಂದ ಶುರುವಾಗಿದ್ದು ಅದು. ಆಮೇಲೆ 2003ರ ಹೊತ್ತಿಗೆ ಕಂಪನಿ ಮುಳುಗೋ ಸ್ಥಿತಿಗೆ ಬಂದಿತ್ತು, ಥೀಮ್ ಪಾರ್ಕು ಬಟ್ಟೆ ವಾಚು ಅಂತ ಎಲ್ಲಕ್ಕೂ ಕೈ ಹಾಕಿ. ಮತ್ತೆ ಇಟ್ಟಿಗೆಗೆ ವಾಪಸ್ ಬಂದು ಉಳಿದುಕೊಂಡರು. ಬೇಕಾದರೆ ‘ಕ್ಲಾಸಿಕ್’ ಅಂತ ಬರುತ್ತೆ ನೋಡಿ ಅಕ್ಕ, ಅದರಲ್ಲಿ ಬರೀ ಬಿಡಿ ಇಟ್ಟಿಗೆ. ಒಂದೊಂದು ಪೀಸಿನ ಲೆಕ್ಕದಲ್ಲಿ ಅದೇ ಅಗ್ಗ.

ಎರಡು_ಮಕ್ಕಳ_ತಾಯಿ (ಕೊಪ್ಪಳ)

ಥ್ಯಾಂಕ್ಸ್ ತಮ್ಮ. ‘ಅಗ್ಗ’ ಅನ್ನೋ ಪದ ಮಾತ್ರ ವಾಪಸ್ ತಗೋ.

ಕಿನ್ನಾಳ_ಬಣ್ಣ (ಕೊಪ್ಪಳ)

ಆಟಿಕೆ ಕಂಪನಿ ಹೆಸರು ಕಾಯ್ದರೆ ಎಲ್ಲರಿಗೂ ಸಿಟ್ಟು. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ನಮ್ಮದು ಕಿನ್ನಾಳದ ಚಿತ್ರಗಾರರ ಮನೆ. ಕಿನ್ನಾಳ ಗೊಂಬೆಗೆ ಜಿಐ, ಅಂದರೆ ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು ಇದೆ. ಅಂದರೆ ಆ ಹೆಸರನ್ನ ಯಾರು ಬೇಕಾದರೂ ಹಾಕೋ ಹಾಗಿಲ್ಲ. ಆದರೂ ಪೇಟೆಯಲ್ಲಿ ‘ಕಿನ್ನಾಳ ಗೊಂಬೆ’ ಅಂತ ಏನೇನೋ ಸಿಗುತ್ತೆ. ಪ್ಲಾಸ್ಟರ್ ಗೊಂಬೆಗೆ ಹೊಳೆಯೋ ಬಣ್ಣ ಹೊಡೆದು ‘ಟ್ರೆಡಿಷನಲ್’ ಅಂತಾರೆ.

ನಮ್ಮದು ಹೇಗೆ ಆಗುತ್ತೆ ಗೊತ್ತಾ? ಹಗುರ ಮರ ಕೆತ್ತಿ ಕೈ, ಕಾಲು, ತಲೆ ಬೇರೆ ಬೇರೆ ಮಾಡ್ತಾರೆ. ಹುಣಸೆ ಬೀಜದ ಅಂಟಿನಿಂದ ಜೋಡಿಸ್ತಾರೆ. ಗೋಣಿ ನಾರು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟು ಸೇರಿಸಿ ‘ಕಿಟ್ಟ’ ಅಂತ ಮಾಡ್ತಾರೆ. ಸಂದು ಮುಚ್ಚೋದು ಅದರಿಂದ. ಅದರ ಮೇಲೆ ಬಟ್ಟೆ ತುಂಡು, ಬಿಳಿ ಬಣ್ಣ, ಆಮೇಲೆ ಉಳಿದ ಬಣ್ಣ. ಕಿಟ್ಟ ಒಣಗೋಕೆ ಬಿಟ್ಟರೇನೇ ಸರಿ, ಅವಸರ ಮಾಡಿದರೆ ಆರು ತಿಂಗಳಲ್ಲಿ ಬಿರುಕು. ಒಂದು ಗರುಡನಿಗೆ ಇಷ್ಟು ಕೆಲಸ. ರೇಟು ಹೇಳಿದರೆ ಜನ ‘ಮರದ ಗೊಂಬೆಗೆ ಇಷ್ಟಾ’ ಅಂತಾರೆ. ಅದೇ ಜನ ಡೆನ್ಮಾರ್ಕಿನ ಪ್ಲಾಸ್ಟಿಕ್ಕಿಗೆ ಬಾಯಿ ಮುಚ್ಚಿಕೊಂಡು ಕೊಡ್ತಾರೆ.

ಅವರು ಹೆಸರು ಕಾಯ್ದುಕೊಂಡರು, ಬೆಲೆ ಬಂತು. ನಮ್ಮಲ್ಲಿ ಕಾಯೋರು ಯಾರೂ ಇಲ್ಲ. ನನಗೆ ಆ ಕಂಪನಿ ಮೇಲೆ ಸಿಟ್ಟು ಬರಲ್ಲ, ಹೊಟ್ಟೆಕಿಚ್ಚು ಬರುತ್ತೆ.

ರಥದ_ಗಾಲಿ (ಬಳ್ಳಾರಿ)

ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಎರಡೂ ಒಂದೇ ಅಲ್ಲ. ಪ್ಲಾಸ್ಟರ್ ಗೊಂಬೆಗೆ ಕಿನ್ನಾಳ ಅನ್ನೋದು ಮೋಸ. ನನ್ನ ಡಬ್ಬಿಯಲ್ಲಿ ಅಸಲಿ ಮಾಲೇ ಇದೆ.

ಕಿನ್ನಾಳ_ಬಣ್ಣ (ಕೊಪ್ಪಳ)

ನಾಳೆ ಯಾರೋ ನಮ್ಮ ಗರುಡನ ರೆಕ್ಕೆ, ನಮ್ಮ ಆನೆಯ ಸೊಂಡಿಲು ತಗೊಂಡು ಹೋಗಿ, ತಮಗೆ ಬೇಕಾದ ಹಾಗೆ ಅಂಟಿಸಿ, ‘ಕಿನ್ನಾಳ ಗೊಂಬೆ’ ಅಂತ ಮಾರಿದರೆ? ಮಾಲು ಅಸಲಿಯೇ ಅಲ್ವಾ?

ರಾಯಚೂರ_ಬಿಸಿಲು

ಔಟ್! 🏏

ವಕೀಲ್_ಸಿಂಧನೂರು

ಅಕ್ಕನ ವಾದ ನನಗಿಂತ ಚೆನ್ನಾಗಿದೆ. ಒಂದು ಕಾನೂನು ವಿಷಯ ಸೇರಿಸ್ತೀನಿ. ಜಿಐ ಒಬ್ಬರ ಸ್ವತ್ತಲ್ಲ, ಆ ಊರಿನ ಎಲ್ಲ ಕುಶಲಕರ್ಮಿಗಳದು. ಸಂಡೂರಿನ ಲಂಬಾಣಿ ಕಸೂತಿಗೂ ಇದೆ, ಚನ್ನಪಟ್ಟಣದ ಗೊಂಬೆಗೂ ಇದೆ. ಆದರೆ ಪ್ರತಿಯೊಬ್ಬ ಕುಶಲಕರ್ಮಿಯೂ ‘ಅಧಿಕೃತ ಬಳಕೆದಾರ’ ಅಂತ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ನಿಮ್ಮ ಮನೆಯಲ್ಲಿ ಆಗಿದೆಯಾ? ಐಎಸ್‌ಐ ಗುರುತಿನ ನಿಯಮದಿಂದಲೂ ಹೀಗೆ ನೋಂದಾಯಿಸಿಕೊಂಡವರಿಗೆ ವಿನಾಯಿತಿ ಇದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದವರಿಗೂ ಅಷ್ಟೇ. ಆ ಕಾಗದ ಇಲ್ಲದೆ ದೊಡ್ಡ ಅಂಗಡಿಗೆ ಕೊಡೋಕೆ ಹೋದರೆ ಕಷ್ಟ.

ಕಿನ್ನಾಳ_ಬಣ್ಣ (ಕೊಪ್ಪಳ)

ದೊಡ್ಡಪ್ಪನಿಗೆ ಆಗಿದೆ. ನನ್ನ ತಮ್ಮನಿಗೆ ಆಗಿಲ್ಲ. ಮೆಸೇಜ್ ಮಾಡ್ತೀನಿ ಸರ್, ಏನೇನು ಕಾಗದ ಬೇಕು ಹೇಳಿ.

ಭಾನಾಪುರ_ಬಸ್

ನಮ್ಮ ಭಾನಾಪುರದ ಹತ್ತಿರ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಅಂತ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದರಲ್ಲ, ಅಲ್ಲಿ ಇಟ್ಟಿಗೆ ಮಾಡಿದರೆ ಸುಂಕದ ತಲೆನೋವೇ ಇರಲ್ಲ. ಪೇಟೆಂಟ್ ಮುಗಿದಿದೆ ಅಂತ ವಕೀಲರೇ ಹೇಳಿದರು. ಕೊಪ್ಪಳದ ಇಟ್ಟಿಗೆ!

ಟೂಲ್‌ರೂಮ್_ತೋರಣಗಲ್ಲು

ಮಾಡಬಹುದು. ಒಳ್ಳೆ ಅಚ್ಚು ಬೇಕು, ಅಚ್ಚು ಸವೆದಾಗ ಬಿಸಾಡೋ ಮನಸ್ಸು ಬೇಕು. ನಮ್ಮವರು ಸವೆದ ಅಚ್ಚನ್ನ ಇನ್ನೂ ಎರಡು ವರ್ಷ ಓಡಿಸ್ತಾರೆ. ಇಟ್ಟಿಗೆ ಅಲ್ಲಾಡೋಕೆ ಶುರುವಾಗೋದು ಅಲ್ಲಿಂದ.

ಸೋನಾಮಸೂರಿ (ಗಂಗಾವತಿ)

ಚೀನಾದವರು ಮಾಡ್ತಿಲ್ವಾ? ಗೋಬ್ರಿಕ್ಸ್ ಅಂತ ಇದೆ. ತಗೊಂಡು ನೋಡಿ ಆಮೇಲೆ ಮಾತಾಡಿ ಸರ್.

ಟೂಲ್‌ರೂಮ್_ತೋರಣಗಲ್ಲು

ನೋಡಿದ್ದೇನೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಸ್ವಂತ ವಿನ್ಯಾಸಕ್ಕೆ ಬಿಡಿ ಇಟ್ಟಿಗೆ ಮಾಡೋರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರೋದು ಚೀನಾದ ಲೆಪಿನ್ ಬ್ರ್ಯಾಂಡ್ ತರದವರ ಮೇಲೆ. ಡಬ್ಬಿ, ಚಿತ್ರ, ಸೆಟ್ಟು, ಎಲ್ಲ ಹಾಗೇ ನಕಲು. 2019ರಲ್ಲಿ ಶಾಂಘೈ ಪೊಲೀಸರು ಹಿಡಿದರು, ಮುಂದಿನ ವರ್ಷ ಮುಖ್ಯಸ್ಥನಿಗೆ ಆರು ವರ್ಷ ಜೈಲು, ದೊಡ್ಡ ದಂಡ.

ಸೋನಾಮಸೂರಿ (ಗಂಗಾವತಿ)

ಅದು ಕಳ್ಳತನ, ಒಪ್ಪಿದೆ. ಪರವಾಗಿಲ್ಲ, ಒಂದು ವಿಷಯಕ್ಕಾದರೂ ಒಪ್ಪಿಕೊಂಡ್ವಿ.

ಕೌಲ್‌ಬಜಾರ್_ಟಾಯ್ಸ್ (ಬಳ್ಳಾರಿ)

ನಕಲಿ ಹೆಸರಿನ ವಿಷಯ ಬಳ್ಳಾರಿಯಲ್ಲಿ ಜೋರಾಗಿ ಮಾತಾಡಬೇಡಿ. ಜೀನ್ಸ್ ಲೇಬಲ್‌ಗಳಿಗೂ ಕಿವಿ ಇರುತ್ತೆ 🤐

ರಥದ_ಗಾಲಿ (ಬಳ್ಳಾರಿ)

ಅಣ್ಣಾ ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಅದೇ ನನಗೆ ಕಾಡೋದು ಕೂಡ. ನಾವು ಕತ್ತರಿಸಿ ಹೊಲಿದು ಕಳಿಸಿದ ಪ್ಯಾಂಟಿಗೆ ಇನ್ಯಾರೋ ಹೆಸರು ಹಚ್ಚಿ ಮೂರು ಪಟ್ಟು ತಗೋತಾರೆ. ಬಳ್ಳಾರಿ ಅಂತ ಒಂದಕ್ಷರ ಇರಲ್ಲ. ಇಲ್ಲಿ ನಾನೇ ವಿನ್ಯಾಸ ಮಾಡಿ ಅವರ ಹೆಸರು ಹಾಕೋಕೆ ಹೋದರೆ ಬೇಡ ಅಂತಾರೆ.

ಕಿನ್ನಾಳ_ಬಣ್ಣ (ಕೊಪ್ಪಳ)

ಮತ್ತೆ ನಿಮ್ಮ ಹೆಸರೇ ಹಾಕ್ರಿ! ಯಾಕೆ ಅವರ ಹೆಸರೇ ಬೇಕು?

ರಥದ_ಗಾಲಿ (ಬಳ್ಳಾರಿ)

ಹುಡುಕುವವರು ಆ ಹೆಸರಲ್ಲೇ ಹುಡುಕ್ತಾರೆ ಅಕ್ಕ. ‘ಜೋಡಿಸುವ ಕಿಟ್’ ಅಂತ ಯಾರು ಟೈಪ್ ಮಾಡ್ತಾರೆ?

ಪಿಯು_ಮೇಷ್ಟ್ರು (ರಾಯಚೂರು)

ಕಂಪನಿಗೆ ಇರೋ ಭಯವೂ ಅದೇ. ವನಸ್ಪತಿಗೆಲ್ಲ ಡಾಲ್ಡಾ ಅಂದ್ವಿ, ನಕಲು ತೆಗೆಯೋ ಅಂಗಡಿಗೆಲ್ಲ ಝೆರಾಕ್ಸ್ ಅಂದ್ವಿ. ಜೋಡಿಸೋ ಇಟ್ಟಿಗೆಗೆಲ್ಲ ಲೆಗೋ ಅಂತಾದರೆ ಆ ಹೆಸರು ಅವರದಾಗಿ ಉಳಿಯಲ್ಲ. ಅದಕ್ಕೇ ಸಣ್ಣವರನ್ನೂ ಬಿಡಲ್ಲ.

ಇಂಟರ್‌ನೆಟ್_ಸೋಮಾರಿ (ರಾಯಚೂರು)

ಅಣ್ಣ, ಲೆಗೋ ಐಡಿಯಾಸ್‌ಗೆ ಕಳಿಸಿ. ಅಲ್ಲಿ ನಿಮ್ಮ ವಿನ್ಯಾಸಕ್ಕೆ 10,000 ಜನ ಬೆಂಬಲ ಕೊಟ್ಟರೆ ಕಂಪನಿ ಪರಿಶೀಲನೆ ಮಾಡುತ್ತೆ. ಒಪ್ಪಿದರೆ ಅವರೇ ಸೆಟ್ ಬಿಡ್ತಾರೆ, ನಿಮಗೆ ನಿವ್ವಳ ಮಾರಾಟದಲ್ಲಿ ಶೇಕಡಾ 1. ತಾಜ್‌ಮಹಲ್ ಅವರು 2008ರಲ್ಲೇ ಬಿಟ್ಟಿದ್ದರು, 5,922 ಪೀಸು. ಹಂಪಿ ಯಾಕಾಗಬಾರದು? 50 ರೂಪಾಯಿ ನೋಟಿನ ಹಿಂದೆ ಇದೆ ರಥ, ಎಲ್ಲರಿಗೂ ಗೊತ್ತು.

ಸೋನಾಮಸೂರಿ (ಗಂಗಾವತಿ)

ಶೇಕಡಾ 1! ದಲ್ಲಾಳಿಗೂ ಇದಕ್ಕಿಂತ ಜಾಸ್ತಿ ಕೊಡ್ತೀವಿ ನಾವು.

ಪಿಯು_ಮೇಷ್ಟ್ರು (ರಾಯಚೂರು)

ರಥ ಕಟ್ಟಿದವರಿಗೆ ಒಂದು ಮಾತು. ಈಗ ನೋಡುವ ರಥ ಪೂರ್ತಿಯಲ್ಲ. ಅದು ಗರುಡನ ಗುಡಿ, ಮೇಲೆ ಇಟ್ಟಿಗೆ ಗೋಪುರ ಇತ್ತು. ಗ್ರೀನ್‌ಲಾ ಅನ್ನೋ ಬ್ರಿಟಿಷ್ ಅಧಿಕಾರಿ 1856ರಲ್ಲಿ ತೆಗೆದ ಫೋಟೋದಲ್ಲಿ ಕಾಣುತ್ತೆ. ಆಮೇಲೆ ಅದನ್ನ ಇಳಿಸಿಬಿಟ್ಟರು. ನೀವು ಗೋಪುರ ಸೇರಿಸಿದ್ದೀರಾ?

ರಥದ_ಗಾಲಿ (ಬಳ್ಳಾರಿ)

ಇಲ್ಲ ಸರ್, ನೋಟಿನಲ್ಲಿರೋ ಹಾಗೆ ಮಾಡಿದ್ದು. ಆ ಫೋಟೋ ಕಳಿಸ್ತೀರಾ? ಬಿಚ್ಚಿ ತೆಗೆಯೋ ಹಾಗೆ ಗೋಪುರ ಮಾಡಬಹುದು, ಬೇಕಾದವರು ಇಡಲಿ, ಬೇಡದವರು ತೆಗೀಲಿ. ಕೆಂಪು ಇಟ್ಟಿಗೆ ನನ್ನ ಹತ್ರ ಬೇಕಾದಷ್ಟಿದೆ. ಗರುಡ ಒಂದು ಬೇಕಾಗುತ್ತೆ ಒಳಗೆ.

ಕಿನ್ನಾಳ_ಬಣ್ಣ (ಕೊಪ್ಪಳ)

ಗರುಡ ನಮ್ಮ ತಮ್ಮ ಮಾಡಿಕೊಡ್ತಾನೆ. ಹೆಬ್ಬೆರಳಷ್ಟು ಎತ್ತರ ಸಾಕಾ? ಅಷ್ಟು ಸಣ್ಣದಕ್ಕೆ ಕಿಟ್ಟ ಕಮ್ಮಿ, ಬಣ್ಣದ ಕೆಲಸ ಜಾಸ್ತಿ. ರೇಟು ಮಾತ್ರ ಚೌಕಾಸಿ ಇಲ್ಲ. ಡಬ್ಬಿ ಮೇಲೆ ಕಿನ್ನಾಳ ಅಂತ ದೊಡ್ಡದಾಗಿ ಬರೀಬೇಕು.

ವಕೀಲ್_ಸಿಂಧನೂರು

ತಮ್ಮನ ನೋಂದಣಿ ಆದ ಮೇಲೆ ಬರೀರಿ 🙂 ರಥದ ಗಾಲಿಯವರೇ, ನಿಮ್ಮ ಸ್ವಂತ ಹೆಸರಿಗೂ ಒಂದು ಅರ್ಜಿ ಹಾಕಿಬಿಡಿ. ಆಟಿಕೆಗೆ ವರ್ಗ 28. ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಹಾಕಿದರೆ ಶುಲ್ಕ 4,500 ರೂಪಾಯಿ, ಹತ್ತು ವರ್ಷಕ್ಕೊಮ್ಮೆ ನವೀಕರಣ.

ರಾಯಚೂರ_ಬಿಸಿಲು

ಆಮೇಲೆ ಇವರೇ ನಮಗೆ ನೋಟಿಸ್ ಕಳಿಸ್ತಾರೆ ನೋಡ್ತಾ ಇರಿ.

ಎರಡು_ಮಕ್ಕಳ_ತಾಯಿ (ಕೊಪ್ಪಳ)

ವಿಷಯಾಂತರಕ್ಕೆ ಕ್ಷಮಿಸಿ. ಶೋಕೇಸ್ ಸೆಟ್‌ಗೆ ನಮ್ಮೂರಿನ ಕೆಂಪು ಧೂಳು ಕೂತುಬಿಟ್ಟಿದೆ. ಬಿಳಿ ಇಟ್ಟಿಗೆ ಹಳದಿಯಾಗಿವೆ. ಹೇಗೆ ತೊಳೆಯೋದು?

ಟೂಲ್‌ರೂಮ್_ತೋರಣಗಲ್ಲು

ಹಳದಿಯಾಗಿರೋದು ಬಿಸಿಲಿಗೆ, ಅದು ತೊಳೆದರೆ ಹೋಗಲ್ಲ. ಕಿಟಕಿಯಿಂದ ದೂರ ಇಡಿ. ಧೂಳಿಗೆ ಸೋಪಿನ ನೀರು, ಹಳೆ ಹಲ್ಲುಜ್ಜೋ ಬ್ರಷ್. ನೀರು 40 ಡಿಗ್ರಿಗಿಂತ ಬಿಸಿ ಇರಬಾರದು ಅಂತ ಕಂಪನಿಯೇ ಹೇಳುತ್ತೆ, ಸೊಟ್ಟಗಾಗುತ್ತವೆ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಒಣಗಿಸೋದು ನೆರಳಲ್ಲಿ.

ರಾಯಚೂರ_ಬಿಸಿಲು

40 ಡಿಗ್ರಿನಾ? ಮೇ ತಿಂಗಳಲ್ಲಿ ಮಧ್ಯಾಹ್ನ ನಮ್ಮ ಟ್ಯಾಂಕಿನ ನೀರು ಕೈ ಸುಡುತ್ತೆ. ರಾಯಚೂರಿನವರು ತಣ್ಣೀರಿಗೆ ಎಲ್ಲಿಗೆ ಹೋಗಬೇಕು ಸರ್?

ಟೂಲ್‌ರೂಮ್_ತೋರಣಗಲ್ಲು

ಬೆಳಗ್ಗೆ ಐದಕ್ಕೆ ಎದ್ದು ತೊಳೀರಿ. ಅಥವಾ ಮಣ್ಣಿನ ಗಡಿಗೆಯಲ್ಲಿ ರಾತ್ರಿ ನೀರು ತುಂಬಿಟ್ಟುಕೊಳ್ಳಿ.